ನಿಮ್ಮ ಪಾಲು 15,550 ರೂಪಾಯಿ

ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ಶನಿವಾರ ಬೆಳಗ್ಗೆ, ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ಒಂದು ವಾಟ್ಸಾಪ್ ಮೆಸೇಜ್ ಕಳಿಸಿದೆ. ಊರಿನ ಆಚೆಮನೆ ಮಾವನಿಗೆ. ಒಂದು ಎಕ್ಸೆಲ್ ಶೀಟಿನ ಫೋಟೋ, ಅದರ ಕೆಳಗೆ ಎರಡು ಸಾಲು: ‘ಮಾವ, ನಡುವಿನ ಬೇಲಿಯ ಎಸ್ಟಿಮೇಟ್ ಹಾಕಿದ್ದೇನೆ. ನಿಮ್ಮ ಪಾಲು 15,550 ರೂ. ಇದೇ ನಂಬರಿಗೆ ಗೂಗಲ್ ಪೇ ಮಾಡಬಹುದು.’ ಕೊನೆಗೊಂದು ಕೈಮುಗಿಯುವ ಇಮೋಜಿ.

ಎರಡು ನೀಲಿ ಗೀಟು ಬಿತ್ತು. ಉತ್ತರ ಬರಲಿಲ್ಲ.

ಸಂಜೆ ಅಮ್ಮನ ಫೋನ್. “ನೀನು ಆಚೆಮನೆಗೆ ಎಂತ ಬರೆದು ಹಾಕಿದ್ದು? ಹಾಲಿಗೆ ಹೋದ್ರೆ ಯಾರೂ ಮಾತೇ ಆಡ್ಲಿಲ್ಲ. ಹಾಲು ತುಂಬಿಸಿ ಜಗಲಿಯಲ್ಲಿ ಇಟ್ಟು ಒಳಗೆ ಹೋದ್ರು.”

(ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಅಮ್ಮನ ಸಿಟ್ಟು ಇನ್ನೂ ಸ್ವಲ್ಪ ಖಾರ ಇತ್ತು ಅಂತ ಇಟ್ಟುಕೊಳ್ಳಿ.)

ನಮ್ಮ ಮನೆ ಇರುವುದು ಉಪ್ಪಿನಂಗಡಿಯಿಂದ ರಾಮಕುಂಜ, ಆಲಂಕಾರು ದಾಟಿ ಕಡಬಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಶಿರಾಡಿ ಘಾಟಿ ಇಳಿದು ಬೆಳಗಾಗುವ ಮೊದಲೇ ಉಪ್ಪಿನಂಗಡಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಲ್ಲಿ ಒಬ್ಬರೇ. 1 ಎಕರೆ 80 ಸೆಂಟ್ಸ್ ಅಡಿಕೆ ತೋಟ, ನಡುವೆ ಒಂದಷ್ಟು ಕಾಳುಮೆಣಸು, ಬಾಳೆ. ಪಕ್ಕದಲ್ಲಿ ಆಚೆಮನೆಯವರ ತೋಟ. ಎರಡರ ನಡುವೆ ಹಳೆಯ ಅಗಳು. ನಮ್ಮ ಕಡೆಯವರಿಗೆ ಗೊತ್ತಿರುತ್ತದೆ, ಉಳಿದವರಿಗೆ ಹೇಳುತ್ತೇನೆ: ಗಡಿಗೆ ಉದ್ದಕ್ಕೂ ತೆಗೆದ ಗುಂಡಿ, ಆ ಮಣ್ಣನ್ನೇ ಬದಿಗೆ ಹಾಕಿ ಮಾಡಿದ ದಿಣ್ಣೆ. ದಿಣ್ಣೆಯ ಮೇಲೆ ಆಡುಸೋಗೆ, ಅಲ್ಲಲ್ಲಿ ಹಾಲುವಾಣದ ಗೂಟ. ದನ ಆಡುಸೋಗೆ ಮುಟ್ಟುವುದಿಲ್ಲ, ಹಾಲುವಾಣ ನೆಟ್ಟಲ್ಲೇ ಚಿಗುರುತ್ತದೆ. ದುಡ್ಡಿಲ್ಲದ ಬೇಲಿ ಅದು. ಆದರೆ ಪ್ರತಿ ವರ್ಷ ಮಳೆಗೆ ಮೊದಲು ಕೂತು ಸರಿಮಾಡುವವರು ಬೇಕು. ಅಪ್ಪ ಹೋದ ಮೇಲೆ ಯಾರೂ ಮಾಡಲಿಲ್ಲ. ಅಗಳು ತುಂಬಿತು, ದಿಣ್ಣೆ ಜರಿಯಿತು.

ಆ ವರ್ಷ ಹಳೆ ಮರ ಬಿದ್ದ ಜಾಗಗಳಿಗೆ 60 ಅಡಿಕೆ ಸಸಿ ನೆಡಿಸಿದ್ದೆ. ನನ್ನ ಸಂಬಳದ ದುಡ್ಡು. ನವೆಂಬರಿನ ಒಂದು ರಾತ್ರಿ ಆಚೆಮನೆಯ ದನ ಹಗ್ಗ ಬಿಚ್ಚಿಕೊಂಡು ಬಂದು 23 ಸಸಿಯ ತಲೆ ಮುಗಿಸಿತು. ಅಮ್ಮ ಹೇಳಿದ್ದು ಇಷ್ಟೇ: “ದನ ಅಲ್ವಾ, ಅದಕ್ಕೆ ಗಡಿ ಎಂತ ಗೊತ್ತು.” ನಾನು ಬೆಂಗಳೂರಿನಲ್ಲಿ ಕೂತು ಉರಿದುಕೊಂಡೆ. ಗೂಗಲ್ ಮ್ಯಾಪಿನಲ್ಲಿ ಗೆರೆ ಎಳೆದೆ. 90 ಮೀಟರ್. ಎರಡೂವರೆ ಮೀಟರಿಗೆ ಒಂದರಂತೆ 37 ಕಾಂಕ್ರೀಟ್ ಕಂಬ, ಮೂಲೆಗೆ ಒರಗಿಸಲು 5, ಒಟ್ಟು 42. ಕಂಬಕ್ಕೆ 400ರಂತೆ 16,800. ಐದು ಸುತ್ತು ಮುಳ್ಳುತಂತಿಗೆ 55 ಕೆಜಿ, 5,500. ಗುಂಡಿ ತೆಗೆದು ನಿಲ್ಲಿಸಿ ತಂತಿ ಎಳೆಯಲು ಕಂಬಕ್ಕೆ 150ರಂತೆ 6,300. ಪಿಕಪ್ ಬಾಡಿಗೆ 2,500. ಒಟ್ಟು 31,100. ಅದರ ಅರ್ಧ, ನೀವು ಮೇಲೆ ಓದಿದಿರಲ್ಲ, ಅದೇ.

ಅರ್ಧ ಅಂತ ನನಗೆ ಹೊಳೆದದ್ದಾದರೂ ಎಲ್ಲಿಂದ? ಸಿಡ್ನಿಯಲ್ಲಿರುವ ಕಸಿನ್‌ನಿಂದ. ಅವಳು ಅಲ್ಲಿ ಮನೆ ತಗೊಂಡಾಗ ಹಿತ್ತಲಿನ ಬೇಲಿಗೆ ಪಕ್ಕದವರು ಅರ್ಧ ದುಡ್ಡು ಕೊಟ್ಟರಂತೆ, ಅದೂ ಮಾತಿಲ್ಲದೆ. ಅಲ್ಲಿ, ಅಂದರೆ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಅದಕ್ಕೆಂದೇ 1991ರ ಕಾಯ್ದೆ ಇದೆ. ಸಾಧಾರಣ ಮಟ್ಟದ ಬೇಲಿಯ ಖರ್ಚನ್ನು ಎರಡೂ ಕಡೆಯವರು ಸಮಾನವಾಗಿ ಹೊರಬೇಕು. ಅದಕ್ಕಿಂತ ಚೆಂದದ್ದು ಬೇಕು ಅನ್ನುವವರು ಹೆಚ್ಚಿನ ದುಡ್ಡು ತಾವೇ ಹಾಕಬೇಕು. ಮೊದಲು ನೋಟಿಸ್ ಕೊಡಬೇಕು, ಒಂದು ತಿಂಗಳಲ್ಲಿ ಒಪ್ಪಂದ ಆಗದಿದ್ದರೆ ಕೋರ್ಟಿಗೋ ಟ್ರಿಬ್ಯೂನಲ್‌ಗೋ ಹೋಗಬಹುದು. ನ್ಯೂಜಿಲೆಂಡಿನಲ್ಲೂ 1978ರಿಂದ ಇಂಥದ್ದೇ ಕಾಯ್ದೆ ಇದೆ. ನಮ್ಮಲ್ಲಿ ತೋಟದ ಬೇಲಿಗೆ ಪಕ್ಕದವರು ಪಾಲು ಕೊಡಲೇಬೇಕು ಅನ್ನುವ ಕಾಯ್ದೆ ಇಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964 ಗಡಿಕಲ್ಲಿನ ಬಗ್ಗೆ ಮಾತಾಡುತ್ತದೆ, ಅದು ಕೆಡದಂತೆ ನೋಡಿಕೊಳ್ಳುವ ಹೊಣೆ ಜಮೀನಿನವರದ್ದು ಅನ್ನುತ್ತದೆ. ಬೇಲಿ ಮಾತ್ರ ಪರಸ್ಪರ ಒಪ್ಪಿಗೆಯ ವಿಷಯ. ಇಬ್ಬರೂ ಒಪ್ಪಿದರೆ ಪಾಲು, ಇಲ್ಲದಿದ್ದರೆ ಬೇಕಾದವರು ತಮ್ಮ ಜಾಗದೊಳಗೆ ತಮ್ಮ ದುಡ್ಡಿನಲ್ಲಿ ಹಾಕಿಕೊಳ್ಳುವುದು.

ಇದನ್ನು ನಾನು ತಿಳಿದುಕೊಂಡದ್ದು ಮೆಸೇಜ್ ಕಳಿಸಿದ ಮೇಲೆ. ಹಾಗೆಯೇ ಆಗುವುದಲ್ಲವಾ ನಮ್ಮದೆಲ್ಲ.

ಜಗಲಿಯಲ್ಲಿ

ಮುಂದಿನ ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಶನಿವಾರ ಬೆಳಗ್ಗೆ ಅಮ್ಮನ ಬದಲು ನಾನೇ ಚೆಂಬು ಹಿಡಿದು ಹಾಲಿಗೆ ಹೋದೆ. ಅತ್ತೆ ಹಟ್ಟಿಯಲ್ಲಿದ್ದರು. ಮಾವ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಹರಡುತ್ತಿದ್ದರು. ನನ್ನನ್ನು ನೋಡಿ ಹರಡುವುದನ್ನು ನಿಲ್ಲಿಸಲಿಲ್ಲ.

“ಕೂತ್ಕೋ,” ಅಂದರು ಕಡೆಗೆ. “ಬೆಲ್ಲ, ನೀರು ಕೊಡು ಅವಳಿಗೆ,” ಅಂತ ಒಳಗೆ ಕೂಗಿದರು. ಸಿಟ್ಟಿದ್ದರೂ ಬೆಲ್ಲ, ನೀರು ತಪ್ಪುವುದಿಲ್ಲ.

ನಾನು ಸಸಿಗಳ ಬಗ್ಗೆ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು. “ದನ ನಂದೇ. ಸಸಿ ಹೋದದ್ದೂ ನಿಜವೇ. ನನ್ನಲ್ಲಿ ಸಸಿ ಉಂಟು, ಮಳೆ ಬಂದ ಕೂಡಲೇ ನೆಟ್ಟು ಕೊಡ್ತೇನೆ ಅಂತ ನಿನ್ನ ಅಮ್ಮನಿಗೆ ಅವತ್ತೇ ಹೇಳಿದ್ದೇನೆ. ಆದ್ರೆ ಬಾಳೆ ಬುಡ ಅಗೆದದ್ದು ಹಂದಿ. ಹಂದಿ ನಂದಲ್ಲ ಮಾರಾಯ್ತಿ.”

ಸಸಿ ಕೊಡುವ ಮಾತು ಅಮ್ಮ ನನಗೆ ಹೇಳಿರಲಿಲ್ಲ. ಅಥವಾ ಹೇಳಿದ್ದರೋ, ನಾನು ಮೀಟಿಂಗಿನ ನಡುವೆ ‘ಹ್ಞೂಂ ಹ್ಞೂಂ’ ಅಂದಿದ್ದೆನೋ.

“ಹಾಗಾದ್ರೆ ಬೇಲಿಗೆ ಯಾಕೆ ಬೇಜಾರು ಮಾವ? ಇಬ್ಬರಿಗೂ ಒಳ್ಳೆಯದೇ ಅಲ್ವಾ?”

ಆಗ ಅವರು ಹೇಳಿದ ಮಾತು ನನ್ನ ಎಕ್ಸೆಲ್ ಶೀಟಿನ ಯಾವ ಸಾಲಿನಲ್ಲೂ ಇರಲಿಲ್ಲ. “ಹದಿನೈದು ಸಾವಿರ ದೊಡ್ಡ ವಿಷಯ ಅಲ್ಲ ಮಗಾ. ಅಡಿಕೆ ಮಾರಿದ್ದು ಉಂಟು. ಆದ್ರೆ ನಾನು ಅರ್ಧ ದುಡ್ಡು ಕೊಟ್ಟರೆ ನೀನು ಎಳೆದ ಗೆರೆಗೆ ನಾನು ಸೈ ಹಾಕಿದ ಹಾಗೆ ಆಗ್ತದೆ. ಆ ಗೆರೆ ಸರಿ ಅಂತ ನಿನಗೆ ಯಾರು ಹೇಳಿದ್ದು?”

ನಾನು ಎಳೆದದ್ದು ಅಗಳಿನ ಮೇಲೆ. ಹುಟ್ಟಿದಾಗಿನಿಂದ ನೋಡಿದ ಗಡಿ ಅದೇ. ಅವರು ಹೇಳಿದ ಕಥೆ ಬೇರೆ. 1974ರಲ್ಲಿ ನೇತ್ರಾವತಿ, ಕುಮಾರಧಾರೆ ಎರಡೂ ಉಕ್ಕಿ ಉಪ್ಪಿನಂಗಡಿ ಪೇಟೆಯೇ ಮುಳುಗಿದ ನೆರೆ ಬಂತಲ್ಲ, ಆಗ ನಮ್ಮ ಕೆಳಗಿನ ತೋಡಿನಲ್ಲೂ ನೀರು ಹಿಂದಕ್ಕೆ ಒತ್ತಿ ಬಂದು ಅಗಳಿನ ಕೆಳತುದಿ ಗುರುತೇ ಇಲ್ಲದಂತೆ ಮುಚ್ಚಿಹೋಯಿತಂತೆ. ನೀರು ಇಳಿದ ಮೇಲೆ ನನ್ನ ಅಜ್ಜನೂ ಅವರ ಅಪ್ಪನೂ ಸೇರಿ ಅಂದಾಜಿನಲ್ಲಿ ಹೊಸದಾಗಿ ತೆಗೆಸಿದರು. “ನಾನು ಆಗ ಸಣ್ಣವ. ಹಗ್ಗ ಹಿಡಿದದ್ದು ನಾನೇ. ಅವರು ‘ಇಷ್ಟೇ ಆಯ್ತು, ಬಿಡಿ’ ಅಂದರು. ಇಬ್ಬರಿಗೂ ಗೊತ್ತಿತ್ತು ಅದು ಸರಿ ಇಲ್ಲ ಅಂತ. ಬೇಲಿ ಮಣ್ಣಿಂದು ಇರುವಾಗ ಅದು ನಡೀತದೆ. ನೀನು ಹಾಕುವುದು ಕಾಂಕ್ರೀಟ್.”

ಕಂಬ ನಿಂತ ಮೇಲೆ ಅದು ಗಡಿಯೇ ಆಗಿಬಿಡುತ್ತದೆ. ನಾಳೆ ಯಾರಾದರೂ ಕೇಳಿದರೆ ‘ನೀವೇ ದುಡ್ಡು ಕೊಟ್ಟು ಹಾಕಿಸಿದ್ದಲ್ಲವಾ’ ಅನ್ನುವ ಒಂದೇ ಮಾತು ಸಾಕು. ನಾನು ಅವರನ್ನು ಜುಗ್ಗ ಅಂದುಕೊಂಡಿದ್ದೆ. ಅವರು ನನ್ನನ್ನು ಏನು ಅಂದುಕೊಂಡಿರಬಹುದು ಅನ್ನುವುದು ಆಗ ಗೊತ್ತಾಯಿತು: ಬೆಂಗಳೂರಿನಿಂದ ಫೋನಿನಲ್ಲೇ ಜಾಗ ಅಳೆಯುವ ಹುಡುಗಿ.

ಹೊರಡುವಾಗ ಅತ್ತೆ ಚೆಂಬು ಕೈಗೆ ಕೊಟ್ಟು ಮೆಲ್ಲ ಕೇಳಿದರು, “ಬೇಲಿ ಹಾಕಿದ ಮೇಲೆ ನಾನು ಡೈರಿಗೆ ಎಲ್ಲಿಂದ ಹೋಗುವುದು?”

ಅದೂ ನನ್ನ ಗೆರೆಯಲ್ಲಿ ಇರಲಿಲ್ಲ. ಅವರ ಮನೆಯಿಂದ ನಮ್ಮ ತೋಟದ ಬದಿಯಲ್ಲಿ ಒಂದು ಕಾಲುದಾರಿ. ಅಗಳು ದಾಟುವಲ್ಲಿ ಹಿಂದೆ ಬಿದಿರಿನ ತಡಮೆ ಇತ್ತು. ಈಗ ಎರಡು ಅಡಿಕೆ ಮರದ ತುಂಡು ಅಡ್ಡ ಹಾಕಿದ್ದಾರೆ. ಅತ್ತೆ ದಿನಕ್ಕೆ ಎರಡು ಸಲ ಹಾಲಿನ ಕ್ಯಾನು ಹಿಡಿದು ಅಲ್ಲೇ ದಾಟುವುದು. ಹತ್ತು ನಿಮಿಷದ ದಾರಿ. ರಸ್ತೆಯಲ್ಲಿ ಸುತ್ತಿ ಹೋದರೆ ಎರಡು ಕಿಲೋಮೀಟರ್. ನನ್ನ ನಕ್ಷೆಯಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ, ಎಲ್ಲೂ ತೆರಪಿಲ್ಲ. ಇಂಥ ದಾರಿಯನ್ನು 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ಬಳಸಿದವರಿಗೆ 1882ರ ಈಸ್ಮೆಂಟ್ ಕಾಯ್ದೆ ರಕ್ಷಣೆ ಕೊಡುತ್ತದೆ ಅಂತ ಆಮೇಲೆ ಓದಿದೆ. ಅತ್ತೆಗೆ ಕಾಯ್ದೆ ಗೊತ್ತಿರಲಿಲ್ಲ. ಅವರು ಕೇಳಿದ್ದು ಬರೀ ದಾರಿ.

ಅಮ್ಮನ ಲೆಕ್ಕ

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಲೆಕ್ಕ ಹೇಳಲು ಶುರು ಮಾಡಿದರು. ಅದೊಂದು ಬೇರೆಯೇ ಶೀಟು.

ತ್ರೀ ಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ನಮ್ಮ ಪಂಪ್ ಹಾಕುವುದು ಮಾವ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಅವರ ತೋಟಕ್ಕೆ ಬಂದ ಜನವನ್ನೇ ನಮ್ಮ ತೋಟಕ್ಕೂ ಕಳಿಸುವುದು. ಈಗ ಮರ ಹತ್ತುವವರು ಸಿಗುವುದು ಎಷ್ಟು ಕಷ್ಟ ಅಂತ ತೋಟ ಇದ್ದವರಿಗೆ ಗೊತ್ತು. ಕೊಳೆರೋಗ ದಿನ ನೋಡಿ ಬರುವುದಿಲ್ಲ, ಒಂದು ವಾರ ತಡವಾದರೆ ವರ್ಷದ ಫಸಲು ನೆಲದಲ್ಲಿ. ಅಪ್ಪನಿಗೆ ಎದೆನೋವು ಬಂದ ರಾತ್ರಿ ಪುತ್ತೂರಿಗೆ ಜೀಪು ಬಿಟ್ಟದ್ದು ಮಾವ. ಈ ಕಡೆಯಿಂದ ಹೋದದ್ದೂ ಇದೆ: ಕಾಲುದಾರಿ, ಏಪ್ರಿಲ್‌ನಲ್ಲಿ ಅವರ ಕೆರೆ ಬತ್ತಿದಾಗ ನಮ್ಮ ಕೆರೆಯ ನೀರು, ಅವರ ಮಗನ ಫೀಸಿಗೆ ಒಮ್ಮೆ ಅಪ್ಪ ಕೊಟ್ಟ ದುಡ್ಡು. ಯಾರೂ ಬರೆದಿಟ್ಟಿಲ್ಲ. ಯಾರ ಬಾಕಿ ಎಷ್ಟು ಅಂತ ಕೇಳಿದರೆ ಅಮ್ಮನಿಗೂ ಗೊತ್ತಿಲ್ಲ. ಬಾಕಿ ಚುಕ್ತಾ ಆಗದೆ ಇರುವುದೇ ಆ ಲೆಕ್ಕದ ಕ್ರಮವೋ ಏನೋ.

“ನೀನು ಅದರ ನಡುವೆ ಹೋಗಿ ಬಿಲ್ಲು ಕೊಟ್ಟದ್ದು,” ಅಂದರು ಅಮ್ಮ.

ನನ್ನ ತಪ್ಪು ಬೇಲಿ ಕೇಳಿದ್ದಲ್ಲ, ಅದನ್ನು ಸ್ಪಷ್ಟ ಮಾಡುತ್ತೇನೆ. ಸಸಿ ಉಳಿಯಬೇಕಾದರೆ ಬೇಲಿ ಬೇಕೇ ಬೇಕು. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಕಾಯಬೇಕು, ಪ್ರತಿ ವರ್ಷ ದನ ಮೇಯ್ದರೆ ಎಂದೂ ಬಾರದು. ‘ನೆರೆಕರೆಯವರಲ್ಲಿ ದುಡ್ಡಿನ ಮಾತೆತ್ತಬಾರದು’ ಅನ್ನುವ ಹಳೆಯ ಸಂಕೋಚವೂ ಒಳ್ಳೆಯದಲ್ಲ. ಮಾತೆತ್ತದೆ ಒಳಗೊಳಗೇ ಕುದ್ದು ಮಾತು ಬಿಟ್ಟ ಮನೆಗಳು ನಮ್ಮ ಊರಿನಲ್ಲೇ ಎಷ್ಟೋ ಇವೆ. ನಾನು ತಪ್ಪಿದ್ದು ಕ್ರಮದಲ್ಲಿ. ಮೊದಲು ಗಡಿ ಯಾವುದು ಅಂತ ಇಬ್ಬರೂ ಒಪ್ಪಬೇಕಿತ್ತು, ಆಮೇಲೆ ಎಂಥ ಬೇಲಿ, ಆಮೇಲೆ ದುಡ್ಡು. ನಾನು ಕೊನೆಯದನ್ನು ಮೊದಲು ಕಳಿಸಿದೆ, ಅದೂ ಅಂಕಿ ಸಮೇತ.

ಮಾರನೇ ದಿನ ಮತ್ತೆ ಹೋಗಿ ಹೇಳಿದೆ: “ಮಾವ, ಸರ್ವೆ ಮಾಡಿಸುವ. ಖರ್ಚು ನಂದು. ಗೆರೆ ಎಲ್ಲಿ ಬರ್ತದೋ ಅಲ್ಲಿ.”

ಅವರು ತುಂಬ ಹೊತ್ತು ಸುಮ್ಮನಿದ್ದರು. “ನಿಮ್ಮ ಕಡೆಗೆ ಬಂದರೂ ಸೈ, ನಮ್ಮ ಕಡೆಗೆ ಬಂದರೂ ಸೈ?”

“ಸೈ,” ಅಂದೆ. ಗೆರೆ ನಮ್ಮ ಕಡೆಗೇ ಲಾಭವಾಗಿ ಬರುತ್ತದೆ ಅನ್ನುವ ನಂಬಿಕೆ ನನಗೆ ಗಟ್ಟಿಯಾಗಿತ್ತು, ಅದಕ್ಕೇ ಅಷ್ಟು ಬೇಗ ಅಂದದ್ದು.

ಹಲಸಿನ ಬೇರಿನ ಕೆಳಗಿನ ಕಲ್ಲು

ಇದಕ್ಕೆ ಹದ್ದುಬಸ್ತು ಅನ್ನುತ್ತಾರೆ. ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಸರ್ವೆಯರ್‌ಗೆ ಹೋಗುತ್ತದೆ. ಅಕ್ಕಪಕ್ಕದ ಜಮೀನಿನವರಿಗೆ ನೋಟಿಸ್ ಬರುತ್ತದೆ, ನಿಗದಿಯಾದ ದಿನ ಎಲ್ಲರೂ ಸ್ಥಳದಲ್ಲಿರಬೇಕು. ಕೈಗೆ ನೋಟಿಸ್ ಬಂದರೆ ಯಾರಿಗೂ ಒಮ್ಮೆ ಧಸಕ್ ಅನ್ನುತ್ತದೆ. ಅರ್ಜಿ ಹಾಕುವ ಮೊದಲೇ ಪಕ್ಕದವರಿಗೆ ಬಾಯಿಮಾತಿನಲ್ಲಿ ಹೇಳಿ. ಆ ಒಂದು ಕೆಲಸ ನಾನು ಸರಿಯಾಗಿ ಮಾಡಿದೆ.

ಸರ್ವೆಯ ದಿನ ಬಂದದ್ದು ಮಾರ್ಚಿನಲ್ಲಿ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸ್ ಆಡಳಿತದಲ್ಲಿದ್ದದ್ದರಿಂದ ಹಳೆಯ ಅಳತೆಯ ಎಫ್‌ಎಂಬಿ ನಕ್ಷೆಗಳಿವೆ. ಅದನ್ನು ಹಿಡಿದು ಸರ್ವೆಯರ್ ಕಲ್ಲು ಹುಡುಕಿದರು. ಮೇಲಿನ ತುದಿಯದ್ದು ಸುಲಭವಾಗಿ ಸಿಕ್ಕಿತು. ಕೆಳಗಿನದ್ದು ಇರಲಿಲ್ಲ. ಅವರು ಅಳೆದು ತೋರಿಸಿದ ಜಾಗದಲ್ಲಿ ಒಂದು ಹಲಸಿನ ಮರ. ಮಾವನ ಮಗ ಪಿಕ್ಕಾಸು ತಂದು ಬೇರಿನ ಬದಿ ಅಗೆದ. ಎರಡು ಅಡಿ ಕೆಳಗೆ, ನೆರೆಯ ಗೋಡು ಮಣ್ಣಿನೊಳಗೆ ಕಲ್ಲು ಇತ್ತು.

ಗೆರೆ ಎಳೆದು ನೋಡಿದರೆ ಮೇಲಿನ ಅರ್ಧ ಅಗಳಿನ ಮೇಲೆಯೇ ಬಂತು. ಕೆಳಗೆ ಬರುತ್ತಾ ಬರುತ್ತಾ ನಮ್ಮ ಕಡೆಗೆ ಸರಿಯಿತು. ತುದಿಯಲ್ಲಿ ನಾಲ್ಕು ಅಡಿ. ಅಂದರೆ ಇಷ್ಟು ವರ್ಷ ನಾವೇ ಅವರ ಜಾಗದಲ್ಲಿದ್ದೆವು. ಸುಮಾರು 150 ಅಡಿ ಉದ್ದದ ಒಂದು ಮೂರು ಮೂಲೆಯ ಪಟ್ಟಿ, 300 ಚದರ ಅಡಿ, ಮುಕ್ಕಾಲು ಸೆಂಟ್ಸ್ ಕೂಡ ಇಲ್ಲ. ಅದರಲ್ಲಿ ಅಪ್ಪ ನೆಟ್ಟ ಏಳು ಅಡಿಕೆ ಮರ, ಏಳೂ ಫಲಕ್ಕೆ ಬಂದವು.

ಮಾವ ಏನೂ ಹೇಳಲಿಲ್ಲ. ಸರ್ವೆಯರ್‌ಗೆ ಎಳನೀರು ಕೆತ್ತಿ ಕೊಟ್ಟರು, ನನಗೂ ಒಂದು ಕೊಟ್ಟರು.

ಅವತ್ತು ರಾತ್ರಿ ನಾನು ಬೆಂಗಳೂರಿನ ಒಬ್ಬ ವಕೀಲ ಗೆಳೆಯನಿಗೆ ಫೋನ್ ಮಾಡಿದೆ. ಹೇಳಲು ನಾಚಿಕೆ, ಆದರೂ ಮಾಡಿದೆ. “ಹನ್ನೆರಡು ವರ್ಷಕ್ಕಿಂತ ಹೆಚ್ಚು ನಿಮ್ಮ ವಶದಲ್ಲಿದೆಯಲ್ಲ, ಪ್ರತಿಕೂಲ ಸ್ವಾಧೀನ ಅಂತ ವಾದ ಹೂಡಬಹುದು,” ಅಂದ. 1963ರ ಕಾಲಮಿತಿ ಕಾಯ್ದೆಯಲ್ಲಿ ಆ 12 ವರ್ಷದ ಮಾತಿದೆ. ಬರೀ ವರ್ಷ ಎಣಿಸಿದರೆ ಸಾಲದು, ಮಾಲೀಕನ ಹಕ್ಕಿಗೆ ವಿರುದ್ಧವಾಗಿ, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡಿದ್ದೆವು ಅಂತ ಸಾಬೀತು ಮಾಡಬೇಕು, ವರ್ಷಗಟ್ಟಲೆ ಎಳೆಯುತ್ತದೆ ಅಂತಲೂ ಹೇಳಿದ. ಫೋನ್ ಇಟ್ಟ ಮೇಲೆ ಅಮ್ಮನಿಗೆ ವಿವರಿಸಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: “ಕೋರ್ಟಿಗೆ ಹೋಗುವುದಾದ್ರೆ ಹೋಗು. ನನಗೆ ನಾಳೆ ಬೆಳಗ್ಗೆ ಹಾಲು ಬೇಕು.”

ಮಾತು ಅಲ್ಲಿಗೆ ಮುಗಿಯಿತು.

ಹಾಲು ತರಲು ಹೋದಾಗ ನಾನೇ ಮಾವನಿಗೆ ಹೇಳಿದೆ, ಕಂಬ ಸರ್ವೆ ಗೆರೆಯಲ್ಲೇ ಬರಲಿ ಅಂತ. “ಮರ?” ಅಂದರು. “ನಿಮ್ಮ ಕಡೆಗೆ ಬಂತಲ್ಲ ಮಾವ.” ಅವರು ತಲೆ ಅಲ್ಲಾಡಿಸಿದರು. “ಜಾಗ ನಂದು. ಮರ ನಿನ್ನ ಅಪ್ಪ ನೆಟ್ಟದ್ದು. ಅದು ಬೀಳುವವರೆಗೆ ಅಡಿಕೆ ನಿಮ್ಮದೇ. ಬಿದ್ದ ಮೇಲೆ ಅಲ್ಲಿ ನಾನು ನೆಡ್ತೇನೆ.”

ಖರ್ಚಿನ ವಿಷಯ ಆಮೇಲೆ ಹತ್ತು ನಿಮಿಷದಲ್ಲಿ ಮುಗಿಯಿತು. ಕಂಬ ಮತ್ತು ಪಿಕಪ್ ಬಾಡಿಗೆ ನಂದು, 19,300. ತಂತಿ ಅವರದ್ದು, 5,500. ಗುಂಡಿ, ಕೆಲಸ ಅವರ ಮಗ ಮತ್ತು ಅವರ ಖಾಯಂ ಆಳುಗಳದ್ದು, ನನ್ನ ಅಂದಾಜಿನಲ್ಲಿ 6,300. ಮೇಲಿನ ಅರ್ಧದಲ್ಲಿ ನೆಲದಡಿ ಮುರಕಲ್ಲು, ಒಂದೊಂದು ಗುಂಡಿಗೆ ಒಂದು ಗಂಟೆ ಹಿಡಿಯಿತು, ಹಾಗಾಗಿ ನಿಜವಾಗಿ ಅದಕ್ಕಿಂತ ಜಾಸ್ತಿಯೇ ಆಗಿರಬೇಕು. ಕಾಲುದಾರಿ ದಾಟುವಲ್ಲಿ ಅವರ ಹಳೆ ಮನೆಯ ಕಬ್ಬಿಣದ ಗೇಟು. ಅರ್ಧ ಅರ್ಧ ಆಗಲಿಲ್ಲ. ಸಸಿ ನಮ್ಮದು, ಅಗತ್ಯ ನಮಗೇ ಹೆಚ್ಚು, ಹಾಗಾಗಿ ನಾವು ಹೆಚ್ಚು ಹಾಕಿದೆವು.

ಒಂದು ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ: ಕಾಗದ. “ನಮ್ಮೊಳಗೆ ಕಾಗದ ಎಂತಕ್ಕೆ?” ಅಂದರು ಮಾವ. “1974ರಲ್ಲಿ ಒಂದು ಕಾಗದ ಇದ್ದಿದ್ರೆ ಈಗ ಸರ್ವೆ ಬೇಕಿತ್ತಾ?” ಅಂದೆ. ನಕ್ಕರು, ಒಪ್ಪಿದರು. ಒಂದೇ ಪುಟ. ಸರ್ವೆ ನಕ್ಷೆಯ ಪ್ರಕಾರ ಬೇಲಿ ನಿಂತಿದೆ, ಯಾರು ಏನು ಹಾಕಿದ್ದಾರೆ, ರಿಪೇರಿ ಬಂದರೆ ಇಬ್ಬರೂ ಸಮಪಾಲು, ಗೇಟಿಗೆ ಬೀಗ ಇಲ್ಲ, ಏಳು ಮರದ ಫಸಲು ಯಾರದ್ದು, ಇಷ್ಟು. ಎರಡು ಸಹಿ, ಎರಡು ಸಾಕ್ಷಿ, ನಕ್ಷೆಯ ಜೆರಾಕ್ಸ್ ಲಗತ್ತು. ಎರಡೂ ಮನೆಯಲ್ಲಿ ಒಂದೊಂದು ಪ್ರತಿ. ನಿಮ್ಮ ಊರಿನಲ್ಲೂ ಇಂಥದ್ದು ನಡೆಯುತ್ತಿದ್ದರೆ ಈ ಪುಟ ಬರೆಯದೆ ಕಂಬ ನಿಲ್ಲಿಸಬೇಡಿ. ಪಕ್ಕದವರು ಒಪ್ಪದೆ ನಿಮ್ಮದೇ ದುಡ್ಡಿನಲ್ಲಿ ಹಾಕುವುದಾದರೆ ಗೆರೆಯ ಮೇಲಲ್ಲ, ನಿಮ್ಮ ಜಾಗದೊಳಗೆ ಸ್ವಲ್ಪ ಒಳಗೆ ಹಾಕಿ.

ತೋಟದ ಮೇಲಿನ ಗುಡ್ಡೆಗೂ ತಂತಿ ಎಳೆಯುವ ಆಸೆ ನನಗಿತ್ತು. ಅದು ಕುಮ್ಕಿ. ಸೊಪ್ಪು, ಕಟ್ಟಿಗೆ ತರುವ ಹಳೆಯ ಸೌಲಭ್ಯ ನಮಗಿದೆ, ಜಾಗ ಸರ್ಕಾರದ್ದು. ಅದನ್ನು ಬಿಟ್ಟೆ. ಬೇಲಿಗೆ ಕರೆಂಟ್ ಕೊಡುವ ಸಲಹೆಯೂ ಬಂತು. ಸೋಲಾರ್ ಬೇಲಿಯಲ್ಲಿ ಎನರ್ಜೈಸರ್‌ನಿಂದ ಬಿಟ್ಟು ಬಿಟ್ಟು ಸಣ್ಣ ಶಾಕ್ ಬರುತ್ತದೆ, ಅದು ಬೇರೆ ಮಾತು. ಮನೆಯ ಲೈನಿನಿಂದ ನೇರ ತಂತಿಗೆ ಕೊಡುವುದು ಅಪರಾಧ, ಹಂದಿಗಿಂತ ಮೊದಲು ಮನುಷ್ಯರೇ ಸಾಯಬಹುದು. ಇನ್ನು ಆನೆ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿ ಬಳಿ ಕಾಡಾನೆ ದಾಳಿಗೆ ಇಬ್ಬರು ಬಲಿಯಾದರು. ಆ ಪ್ರಶ್ನೆ ಎರಡು ಮನೆಯವರು ಸೇರಿ ಹಾಕುವ ಐದು ಸುತ್ತಿನ ತಂತಿಗೆ ಮೀರಿದ್ದು.

ಪತ್ತನಾಜೆಗೆ ನಾಲ್ಕು ದಿನ ಇರುವಾಗ ಕೊನೆಯ ಕಂಬ ನಿಂತಿತು. ಮಳೆ ಬಂದ ಮೇಲೆ ಮಾವ ಹೇಳಿದಂತೆ 23 ಸಸಿ ನೆಟ್ಟು ಕೊಟ್ಟರು. ಎರಡು ಹೆಚ್ಚೇ ಇದೆ ಅಂತ ಅಮ್ಮ ಹೇಳಿದ್ದು. ದನ ಬರುವುದು ನಿಂತಿದೆ. ಹಂದಿ ತಂತಿಯ ಅಡಿಯಿಂದ ನುಗ್ಗಿ ಈಗಲೂ ಬರುತ್ತದೆ, ಎರಡೂ ತೋಟಕ್ಕೆ.

ಕಳೆದ ಆಟಿ ತಿಂಗಳ ಜೋರು ಗಾಳಿಮಳೆಗೆ ಒಂದು ಅಡಿಕೆ ಮರ ಬಿದ್ದು ಒಂದು ಕಂಬ ಮುರಿಯಿತು. ಆಫೀಸಿನಲ್ಲಿ ಸ್ಟ್ಯಾಂಡಪ್ ಮೀಟಿಂಗ್ ನಡೆಯುವಾಗ ವಾಟ್ಸಾಪ್ ಬಂತು. ಮುರಿದ ಕಂಬದ ಫೋಟೋ. ಕೆಳಗೆ ಎರಡು ಸಾಲು: ‘ಕಂಬ 1, ರೂ. 400. ನಿನ್ನ ಪಾಲು 200. ಇದೇ ನಂಬರಿಗೆ ಗೂಗಲ್ ಪೇ ಮಾಡಬಹುದು.’ ಕೊನೆಗೊಂದು ಕೈಮುಗಿಯುವ ಇಮೋಜಿ.

ಕೂಡಲೇ ಕಳಿಸಿದೆ.